ಚಿಕ್ಕ ಕೊಂಡಿ

ಹೆಸರು ಕೇಳಿದೆ. ಚಿಕೊಂಡಿ ಅಂದಳು.
ನನ್ನ ಕಿವಿಗೆ ಬಿದ್ದದ್ದು ಚಿಕ್ಕ ಕೊಂಡಿ.
ಕುಪ್ಪಸಕ್ಕ ಹಚ್ಚೂದೋ, ಬಾಗಿಲಕ್ಕ ಹಾಕೂದೋ ಅಂತ
ಒಂದು ಗಳಿಗಿ ಕೈಯಾಗಿನ ಕತ್ತರಿ ನಿಂತಿತ್ತು.
ಅರ್ಥ ಏನವಾ? ಪ್ರೀತಿ, ಅಂದಳು.
ಇರಲಿ, ಕೊಂಡಿಗೂ ಕೆಲಸ ಐತಿ.

ಮಾಳಿಗಿ ಮ್ಯಾಲಿನ ತಗಡಿನ ಖೋಲಿ, ಎರಡೂವರಿ ಸಾವಿರ.
ಮಲಾವಿ ಅಂಬೋ ದೇಶದಾಕಿ. ಕೃಷಿ ವಿದ್ಯಾಪೀಠದಾಗ
ಗೋವಿನಜೋಳದ ಹುಳದ ಮ್ಯಾಲೆ ಓದತಾಳ.
ರಜಾಕ್ಕ ಊರಿಗೆ ಹೋಗಬೇಕಂದ್ರ ವಿಮಾನದ ರೊಕ್ಕ
ನನ್ನ ವರ್ಷದ ಹೊಲಿಗಿ.
ಹಂಗಾಗಿ ಏಪ್ರಿಲ್ ಹತ್ತರಿಂದ ಮದಿಹಾಳದ ಹುಡುಗರಿಗೆ
ಸಮುದಾಯ ಭವನದಾಗ ಇಂಗ್ಲಿಷ್,
ಒಂದು ಕೂಸಿಗೆ ಮುನ್ನೂರು.
ಮೊದಲನೇ ದಿನ ತೋಟಪ್ಪ ಮಾಸ್ತರು ಬಾಗಿಲದಾಗ ನಿಂತು
"ಇಂಗ್ಲಿಷ್ ಅಂದ್ರ ಬಿಳಿ ಮಂದೀದಲ್ಲ?" ಅಂದ್ರು.
"ಕುಂಡ್ರಿ" ಅಂದಳು.
ಕುಂತರು.

ಹನ್ನೆರಡು ಹೊಡೀತಂದ್ರ ತಗಡು ಚಟಚಟ ಅಂತೈತಿ.
ಒದ್ದಿ ಟವೆಲ್ ತಲಿಮ್ಯಾಲೆ ಹೊತ್ತು ಕೆಳಗ ಇಳೀತಾಳ,
ಮಷಿನ್ ಬಾಜೂಕ ಕೂತು ಮಜ್ಜಿಗಿ ಕುಡೀತಾಳ.
ಉಪ್ಪು ಹೆಚ್ಚಾದ್ರೂ ಚೊಲೋ ಐತ್ರೀ,
ಹಾಕೂದ ಮರತ್ರೂ ಚೊಲೋ ಐತ್ರೀ.
ಮೇ ತಿಂಗಳದಾಗ ಅವರೂರಾಗ ಸ್ವೆಟರ್ ಹಾಕೋತಾರಂತ.
ಇರೂದು ಒಂದ ಸೂರ್ಯ, ಹಿಂಗ್ಯಾಕ? ಅಂದೆ.
ಭೂಮಿ ಓರೆ ಐತಿ ಅಂತ ನನ್ನ ದಾರದುಂಡಿ ವಾಲಿಸಿ
ಗುಂಡಿ ಡಬ್ಬಿ ಸುತ್ತ ತಿರುಗಿಸಿ ತೋರಿಸಿದಳು.
ತಿಳೀಲಿಲ್ಲ.
ತಿಳೀತು ಅಂದೆ.

ರಾತ್ರಿ ಗೋವಿನಜೋಳದ ಹಿಟ್ಟು ಕುದಿಸಿ ಗಟ್ಟಿ ಮಾಡಿ
ಬೆರಳಿಲೆ ಉಂಡಿ ಕಟ್ಟಿ ನನ್ನ ಪುಂಡಿಪಲ್ಯದಾಗ ಅದ್ದಿ ತಿಂತಾಳ.
ಆವತ್ತಷ್ಟ ಚೊಲೋ ಐತ್ರೀ ಅನ್ನೂದಿಲ್ಲ.
ಸುಮ್ಮನ ತಿಂತಾಳ.

ಒಂದಿನ ಹಲಗಿ ಮ್ಯಾಲೆ ಬರೆದಳಂತ:
ವಾಟರ್ ಕಮ್ಸ್ ಎವ್ರಿ ಡೇ.
ಮೌನೇಶ ಎದ್ದು ನಿಂತ. "ಟೀಚರ್, ಸುಳ್ಳು.
ಆರು ದಿನಕ್ಕೊಮ್ಮೆ ಬರತೈತಿ."
ಒರೆಸಿದಳು. ಎವ್ರಿ ಸಿಕ್ಸ್ ಡೇಸ್ ಅಂತ ಬರೆದಳು.
"ಕೆಲವೊಮ್ಮೆ ಒಂಬತ್ತು" ಅಂದಳು ಬಿಬಿಜಾನ.
ವ್ಯಾಕರಣ ಅಲ್ಲಿಗೇ ನಿಂತಿತು.

ಅಂದ ರಾತ್ರಿ ಎರಡೂವರಿಗೆ ನಳ ಬಂತು.
ಕೊಡ, ಬಕೀಟು, ಪಾತೇಲಿ, ಕಡೀಕ ಕುಕ್ಕರು ಸೈತ.
ಅರ್ಧ ನಿದ್ದಿಯಾಗ ಓಣಿ ತುಂಬ ಮಂದಿ.
ಆಕಿ ಪೈಪ್ ಹಿಡಕೊಂಡು ನನ್ನ ಬ್ಯಾರಲ್ ತುಂಬಸಾಕತ್ತಿದ್ದಳು.
ಯಾರೋ ಪೈಪ್ ಎಡವಿದರು,
ತುಂಬಿದ ತಾಮ್ರದ ಕೊಡ ಉಳ್ಳಿ
ಸೀದಾ ಆಕಿ ಹೆಬ್ಬೆರಳಿನ ಮ್ಯಾಲೆ.

ಒಂದು ಮಾತು ಬಂತು ಆಕಿ ಬಾಯಿಂದ.
ಇಂಗ್ಲಿಷ್ ಅಲ್ಲ. ಕನ್ನಡ ಅಂತೂ ಅಲ್ಲ.
ಹೊಟ್ಟಿ ಬುಡದಿಂದ ಎದ್ದ ಮಾತು, ಉದ್ದಂದು,
ನಡುವ ಒಂದು ಕಡೆ ಮುರದು ಮತ್ತ ಮ್ಯಾಲೇರಿತು.
ಎರಡು ತಿಂಗಳಾತು, ಆಕಿದು ಅಂಬೋ ದನಿ
ನಾವು ಕೇಳಿದ್ದು ಅದ ಮೊದಲು.
ಓಣಿ ಗಪ್ಪಾತು. ನಳ ಒಂದ ಸುರಿಯಾಕತ್ತಿತ್ತು.
ಆಮ್ಯಾಲೆ ಬಿಬಿಜಾನಳ ಅಜ್ಜಿ, ಹಲ್ಲಿಲ್ಲದಾಕಿ,
"ಖರೇ ಅಂದಿ ನೋಡವ್ವಾ" ಅಂದಳು.

ಮರದಿನ ಕ್ಲಾಸಿನಾಗ ಪಾಠ ಆಗಲಿಲ್ಲ.
"ನಿನ್ನೆ ಅಂದ್ರೆಲ್ಲ ಟೀಚರ್, ಅದರ ಸ್ಪೆಲಿಂಗ್?"
ಹೇಳೂದಿಲ್ಲ ಅಂದಳು. ಮೌನೇಶ ಅವ್ವನ ಆಣಿ ಹಾಕಿದ.
ಕಡೀಕ ಬರೆದಳು, ಬರೆದಾಕಿನ ಒರೆಸಿದಳು.
ಹುಡುಗರ ಕಣ್ಣು ಡಸ್ಟರ್‌ಗಿಂತ ಚುರುಕು.

ಈಗ ಗೋಲಿ ಸೋತವ ಅದನ್ನ ಅಂತಾನ.
ಹಪ್ಪಳ ಕಾಗಿ ಒಯ್ದರ ಎದುರಮನಿಯಾಕಿ ಅಂತಾಳ.
ತೋಟಪ್ಪ ಮಾಸ್ತರು ಸ್ಕೂಟರ್ ಒದ್ದು ಒದ್ದು ಸಾಕಾಗಿ
ಅತ್ತಾಗಿತ್ತಾಗ ನೋಡಿ ಅಂದ್ರು, ನಾನ ಕೇಳೇನಿ.
ಬೈಗಳೋ, ದೇವರ ಹೆಸರೋ, ಯಾರಿಗೆ ಗೊತ್ತು.
ಕೇಳಿದ್ರ ನಗತಾಳ.

ನಿನ್ನೆ ಸಂಜಿಮುಂದ ಕರೆಂಟ್ ಹೋಗಿತ್ತು.
ಮದಲಗಿತ್ತಿ ಕುಪ್ಪಸದಾಗ ಸೂಜಿ ಮುರೀತು.
ನನಗ ತಿಳೀಧಂಗ ಬಾಯಿಗೆ ಬಂತು ಆ ಮಾತು.
ಮ್ಯಾಲಿನ ಖೋಲಿಯಿಂದ ಒದರಿದಳು:
"ಉಚ್ಚಾರ ತಪ್ಪೈತ್ರೀ!"

ಕುಂಟಗೋತ ಪಾವಟಿಗಿ ಇಳದು ಬಂದು
ಎದುರಿಗೆ ಕೂತಳು, ಗದ್ದ ಎತ್ತಿದಳು,
ನಾಲಿಗಿ ಎಲ್ಲಿ ಇಡಬೇಕು ತೋರಿಸಿದಳು.
ಬಿಟ್ಟ ಬಾಯಿ ಬಿಟ್ಟಂಗ, ಕೈಯಾಗ ಮುರದ ಸೂಜಿ,
ನಾ ಮತ್ತೊಮ್ಮೆ ಅಂದೆ.
"ಇನ್ನೊಮ್ಮೆ" ಅಂದಳು.